ಬಾನುಲಿಯೂ ಗಾಯಕಿಯ ಹೆಸರೂ: ಲತಾ ಮಂಗೇಶಕರ ಅವರ ತೊಂಬತ್ತನೆಯ ವರ್ಧಂತಿಯನ್ನು ಕುರಿತು ಒಂದು ಪರಾಮರ್ಶೆ

೧

ಹೆಸರಾಂತ ಗಾಯಕರ ಜನ್ಮದಿನವನ್ನು ಬಾನುಲಿ ಕೇಂದ್ರಗಳು ಆಚರಿಸುವ ಪದ್ಧತಿ ನಮ್ಮಲ್ಲಿ ಎಷ್ಟು ರೂಢವಾಗಿದೆಯೆಂದರೆ, ಅದಕ್ಕೂ ಒಂದು ಚರಿತ್ರೆಯಿರಬಹುದೆಂಬ ಯೋಚನೆಯೇ ಸಾಮಾನ್ಯವಾಗಿ ನಮಗೆ ಹೊಳೆಯುವುದಿಲ್ಲ. ಬೆಳಗಿನ ಪ್ರಸಾರದಲ್ಲಿ ಉದ್ಘೋಷಕರು ಗಾಯಕರ ಹೆಸರನ್ನು ಹೇಳುತ್ತಾರೆ; ಅವರಿಗೆ ಇಂದು ಇಷ್ಟು ವರ್ಷ ತುಂಬಿತೆಂದು ತಿಳಿಸುತ್ತಾರೆ; ಬಳಿಕ ಅವರ ಹಾಡುಗಳು ಒಂದಾದ ಮೇಲೊಂದರಂತೆ ಬರುತ್ತವೆ. ಕೇಳುವವರಿಗೆ ಇದು ಸಹಜವಾದ ಗೌರವವೆಂದೇ ತೋರುತ್ತದೆ. ಆದರೆ ಇಂಥ ಗೌರವಕ್ಕೆ ಆಧಾರವಾಗಿರುವ ಮೊದಲ ಸಂಗತಿ, ಅಂದರೆ ಹಾಡಿದವರ ಹೆಸರನ್ನು ಹೇಳುವುದು, ಒಂದು ಕಾಲಕ್ಕೆ ಸಹಜವಾಗಿರಲಿಲ್ಲ. ಅದು ಹೇಗೆ ಲಭಿಸಿತು, ಯಾರ ಒತ್ತಾಯದಿಂದ ಲಭಿಸಿತು, ಲಭಿಸಿದ ಮೇಲೆ ಯಾವ ಹಕ್ಕುಗಳನ್ನು ತಂದಿತು, ಯಾವುವನ್ನು ತರಲಿಲ್ಲ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಇದಕ್ಕೆ ನಾವು ಆರಿಸಿಕೊಂಡಿರುವ ನಿದರ್ಶನ ಲತಾ ಮಂಗೇಶಕರ ಅವರದು. ೨೦೧೯ನೆಯ ಇಸವಿಯ ಸೆಪ್ಟೆಂಬರ್ ೨೮ರಂದು ಅವರಿಗೆ ತೊಂಬತ್ತು ವರ್ಷ ತುಂಬಿತು. ಮರುದಿನ ಭಾನುವಾರ ಆಕಾಶವಾಣಿಯಲ್ಲಿ ಪ್ರಸಾರವಾದ ‘ಮನ್ ಕೀ ಬಾತ್’ ಭಾಷಣದಲ್ಲಿ, ಪ್ರಧಾನಮಂತ್ರಿಗಳು ವಿದೇಶಯಾತ್ರೆಗೆ ಹೊರಡುವ ಮುನ್ನ ಲತಾ ಅವರೊಡನೆ ದೂರವಾಣಿಯಲ್ಲಿ ಆಡಿದ ಮಾತುಗಳ ಧ್ವನಿಮುದ್ರಣವನ್ನು ದೇಶಕ್ಕೆಲ್ಲ ಕೇಳಿಸಲಾಯಿತು. ಒಬ್ಬ ಚಲಚ್ಚಿತ್ರ ಗಾಯಕಿಯ ವರ್ಧಂತಿ ರಾಷ್ಟ್ರದ ಬಾನುಲಿಯಲ್ಲಿ ಈ ರೀತಿಯ ಸ್ಥಾನ ಪಡೆದದ್ದು ಗಮನಾರ್ಹವಾದ ವಿಷಯ. ಏಕೆಂದರೆ ಇದೇ ಬಾನುಲಿ ೧೯೫೨ರಲ್ಲಿ ಚಲಚ್ಚಿತ್ರಗೀತೆಗಳನ್ನು ತನ್ನ ಪ್ರಸಾರದಿಂದ ಬಹುಮಟ್ಟಿಗೆ ಹೊರದೂಡಿತ್ತು. ೧೯೪೯ರಲ್ಲಿಯಂತೂ ಇದೇ ಗಾಯಕಿಯ ಹೆಸರು ಅದಕ್ಕೆ ಗೊತ್ತಿರಲಿಲ್ಲ.

೨

ಲತಾ ಅವರು ಹುಟ್ಟಿದ್ದು ೧೯೨೯ರಲ್ಲಿ, ಇಂದೂರಿನಲ್ಲಿ. ತಂದೆ ದೀನಾನಾಥ ಮಂಗೇಶಕರರು ಮರಾಠೀ ರಂಗಭೂಮಿಯ ಪ್ರಸಿದ್ಧ ಗಾಯಕ-ನಟರು; ಮನೆತನದ ಮೂಲ ಗೋವೆಯ ಮಂಗೇಶಿ. ತಾವು ಬಾನುಲಿಗಾಗಿ ಮೊಟ್ಟಮೊದಲು ಹಾಡಿದ್ದು ೧೯೪೧ರ ಡಿಸೆಂಬರ್ ೧೬ರಂದು, ಆ ದಿನ ಎರಡು ಹಾಡುಗಳನ್ನು ಹಾಡಿದೆನೆಂದು ಲತಾ ಅವರು ಎಂಬತ್ತು ವರ್ಷಗಳ ಬಳಿಕ, ೨೦೨೧ರಲ್ಲಿ, ನೆನೆದಿದ್ದರು. ಚಲಚ್ಚಿತ್ರದ ಸಂಬಂಧಕ್ಕಿಂತಲೂ ಬಾನುಲಿಯ ಸಂಬಂಧವೇ ಅವರಿಗೆ ಹಿಂದಿನದೆಂಬುದು ಇದರಿಂದ ತಿಳಿಯುತ್ತದೆ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, ೧೯೪೨ರ ಏಪ್ರಿಲ್‌ನಲ್ಲಿ, ತಂದೆ ತೀರಿಕೊಂಡರು. ಹದಿಮೂರು ಇನ್ನೂ ತುಂಬದ ಹುಡುಗಿಯ ಮೇಲೆ ತಾಯಿ, ಮೂವರು ತಂಗಿಯರು ಮತ್ತು ಒಬ್ಬ ತಮ್ಮನ ಭಾರ ಬಿತ್ತು. ಹಾಡುವುದು ಅಂದಿನಿಂದ ಜೀವನೋಪಾಯವಾಯಿತು.

ಅವರೇ ಹಲವು ಸಲ ಹೇಳಿಕೊಂಡಿರುವ ಇನ್ನೊಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಬಾಲ್ಯದಿಂದಲೂ ಅವರಿಗೆ ಕುಂದನಲಾಲ ಸೈಗಲ್ಲರ ಗಾಯನವೆಂದರೆ ಪ್ರಾಣ. ದುಡಿಮೆಯ ಹಣದಲ್ಲಿ ತಮಗಾಗಿ ಒಂದು ರೇಡಿಯೋ ಕೊಂಡು ತಂದು, ಮನೆಯಲ್ಲಿ ಅದರ ಕಿವಿ ತಿರುಗಿಸಿದಾಗ ಅವರು ಕೇಳಿದ ವಾರ್ತೆ ಸೈಗಲ್ಲರು ಗತಿಸಿದರೆಂಬುದು. ಅದು ೧೯೪೭ರ ಜನವರಿ. ಆ ರೇಡಿಯೋವನ್ನು ಅವರು ಅಂಗಡಿಗೇ ಹಿಂದಿರುಗಿಸಿಬಿಟ್ಟರಂತೆ. ಭಾವುಕತೆಯ ಕಥೆಯೆಂದು ಇದನ್ನು ಬದಿಗಿಡಬೇಕಾಗಿಲ್ಲ. ಕಣ್ಣಿನಿಂದ ಕಾಣದ, ಎಂದೂ ಮಾತನಾಡಿಸದ ಗಾಯಕನೊಬ್ಬನು ಮನೆಯವನಂತೆ ಆಗುವುದು ಬಾನುಲಿಯಿಂದಲೇ ಸಾಧ್ಯವಾದ ಹೊಸ ಬಗೆಯ ಸಂಬಂಧ. ಜನ್ಮದಿನದ ಪ್ರಸಾರಕ್ಕೆ ಅರ್ಥ ಬರುವುದು ಈ ಸಂಬಂಧದ ನೆಲೆಯಲ್ಲಿಯೇ. ಮುಂದೆ ಸಿಲೋನ್ ಬಾನುಲಿಯು ಹಳೆಯ ಚಿತ್ರಗೀತೆಗಳ ತನ್ನ ಬೆಳಗಿನ ಕಾರ್ಯಕ್ರಮವನ್ನು ಪ್ರತಿದಿನವೂ ಸೈಗಲ್ಲರ ಒಂದು ಹಾಡಿನಿಂದ ಮುಗಿಸುವ ಸಂಪ್ರದಾಯವನ್ನು ಬಹುಕಾಲ ನಡೆಸಿಕೊಂಡು ಬಂದಿತು. ವರ್ಷಕ್ಕೊಮ್ಮೆ ಬರುವ ಪುಣ್ಯತಿಥಿಯನ್ನು ನಿತ್ಯವಿಧಿಯಾಗಿಸಿದ ನಿದರ್ಶನವಿದು.

೩

ಬೆಳ್ಳಿತೆರೆಯ ಮೇಲೆ ತುಟಿಯಾಡಿಸುವವರು ಒಬ್ಬರು, ಹಾಡುವವರು ಇನ್ನೊಬ್ಬರು ಎಂಬ ವ್ಯವಸ್ಥೆ ನಮ್ಮ ಚಲಚ್ಚಿತ್ರಗಳಲ್ಲಿ ಬಂದದ್ದು ೧೯೩೫ರ ಸುಮಾರಿಗೆ. ಹಾಡು ಪಾತ್ರದ್ದೆಂಬ ಭ್ರಮೆಯನ್ನು ಕಾಪಾಡುವ ಸಲುವಾಗಿ ಅನೇಕ ಧ್ವನಿಮುದ್ರಿಕೆಗಳ ನಡುವಣ ಚೀಟಿಯಲ್ಲಿ ಗಾಯಕರ ಹೆಸರಿಗೆ ಬದಲಾಗಿ ಪಾತ್ರದ ಹೆಸರನ್ನೇ ಅಚ್ಚು ಮಾಡುತ್ತಿದ್ದರು. ೧೯೪೯ರಲ್ಲಿ ತೆರೆಕಂಡ ‘ಮಹಲ್’ ಚಿತ್ರದ ವಿಷಯದಲ್ಲಿ ಹೀಗೆಯೇ ಆಯಿತು. ಬಾಂಬೆ ಟಾಕೀಸ್ ತಯಾರಿಸಿದ, ಕಮಾಲ್ ಅಮ್ರೋಹಿ ನಿರ್ದೇಶಿಸಿದ ಆ ಚಿತ್ರದ ಸಂಗೀತ ಖೇಮಚಂದ ಪ್ರಕಾಶರದು. ಮಧುಬಾಲಾ ಅಭಿನಯಿಸಿದ ಪಾತ್ರದ ಹೆಸರು ಕಾಮಿನಿ. ಆ ಪಾತ್ರಕ್ಕಾಗಿ ಲತಾ ಅವರು ಹಾಡಿದ ಪ್ರಸಿದ್ಧ ಗೀತೆಯ ಮುದ್ರಿಕೆ ಹೊರಬಂದಾಗ ಅದರ ಮೇಲೆ ಗಾಯಕಿಯ ಸ್ಥಾನದಲ್ಲಿದ್ದುದು ‘ಕಾಮಿನಿ’ ಎಂಬ ಹೆಸರು.

ಬಾನುಲಿ ಕೇಂದ್ರಕ್ಕೆ ಬರುತ್ತಿದ್ದುದು ಇದೇ ಮುದ್ರಿಕೆ. ಹಾಡು ಪ್ರಸಾರವಾದ ಬಳಿಕ, ಹಾಡಿದವರು ಯಾರೆಂದು ಕೇಳುವ ಪತ್ರಗಳು ಕೇಂದ್ರಕ್ಕೆ ರಾಶಿರಾಶಿಯಾಗಿ ಬಂದವು. ಕೇಂದ್ರದವರಿಗೂ ಉತ್ತರ ಗೊತ್ತಿರಲಿಲ್ಲ. ಅವರು ಮುದ್ರಿಕೆಯ ಕಂಪನಿಯನ್ನು ವಿಚಾರಿಸಿ, ಗಾಯಕಿಯ ನಿಜವಾದ ಹೆಸರನ್ನು ತಿಳಿದುಕೊಂಡು ಪ್ರಸಾರದಲ್ಲಿ ಹೇಳಬೇಕಾಯಿತು. ಈ ವೃತ್ತಾಂತವನ್ನು ಲತಾ ಅವರೇ ಅನೇಕ ಸಂದರ್ಶನಗಳಲ್ಲಿ ತಿಳಿಸಿದ್ದಾರೆ.

ಇಲ್ಲಿ ಮೂರು ಅಂಶಗಳು ಪರಿಶೀಲನೆಗೆ ಅರ್ಹವಾಗಿವೆ. ಮೊದಲನೆಯದಾಗಿ, ಚಿತ್ರಮಂದಿರದಲ್ಲಿ ಹಾಡು ಕೇಳಿದವನಿಗೆ ಕಣ್ಣೆದುರು ನಟಿಯಿದ್ದಳು; ಹಾಡುವವಳು ಯಾರೆಂಬ ಪ್ರಶ್ನೆ ಅವನಿಗೆ ಅಷ್ಟಾಗಿ ಕಾಡಲಿಲ್ಲ. ಬಾನುಲಿಯ ಶ್ರೋತೃವಿಗೆ ಇದ್ದುದು ಧ್ವನಿಯೊಂದೇ. ಧ್ವನಿ ಮಾತ್ರ ಉಳಿದಾಗ ಅದರ ಒಡೆಯರು ಯಾರೆಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಎರಡನೆಯದಾಗಿ, ಈ ಪ್ರಶ್ನೆಯನ್ನು ಎತ್ತಿದವರು ವಿಮರ್ಶಕರೂ ಅಲ್ಲ, ಸಂಗೀತ ಶಾಸ್ತ್ರಜ್ಞರೂ ಅಲ್ಲ; ಕಾರ್ಡು ಬರೆದು ಅಂಚೆಗೆ ಹಾಕಿದ ಸಾಮಾನ್ಯ ಶ್ರೋತೃಗಳು. ಮೂರನೆಯದಾಗಿ, ಮುದ್ರಿಕೆಯ ಚೀಟಿಯಲ್ಲಿ ಇಲ್ಲದ ಸತ್ಯವನ್ನು ಬಾನುಲಿಯು ಹುಡುಕಿ ಹೇಳಿತು. ಗಾಯಕಿಗೆ ಬಾನುಲಿ ಸಲ್ಲಿಸಿದ ಮೊದಲ ಗೌರವವೆಂದರೆ ಇದೇ ಎಂದು ನಾವು ಭಾವಿಸುತ್ತೇವೆ. ಎಪ್ಪತ್ತು ವರ್ಷಗಳ ಬಳಿಕ ನಡೆದ ವರ್ಧಂತಿಯ ಪ್ರಸಾರಗಳಿಗೆ ಇದು ತಳಹದಿ.

೪

ಆದರೆ ಚರಿತ್ರೆ ನೇರವಾದ ಹಾದಿಯಲ್ಲಿ ಸಾಗಲಿಲ್ಲ. ೧೯೫೨ರಲ್ಲಿ ಬಿ. ವಿ. ಕೇಸ್ಕರರು ಕೇಂದ್ರ ಸರ್ಕಾರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಗಳಾದರು; ೧೯೬೨ರವರೆಗೆ ಆ ಸ್ಥಾನದಲ್ಲಿದ್ದರು. ಶಾಸ್ತ್ರೀಯ ಸಂಗೀತವನ್ನು ಜನತೆಗೆ ಮುಟ್ಟಿಸುವುದು ಆಕಾಶವಾಣಿಯ ಕರ್ತವ್ಯವೆಂದೂ, ಚಲಚ್ಚಿತ್ರ ಸಂಗೀತವು ಅಭಿರುಚಿಯನ್ನು ಕೆಡಿಸುತ್ತದೆಂದೂ ಅವರು ನಂಬಿದ್ದರು. ಈ ನಂಬಿಕೆಯ ಮೊದಲ ಭಾಗದಿಂದ ದೇಶಕ್ಕೆ ಪ್ರಯೋಜನವಾದುದನ್ನು ನಾವು ಅಲ್ಲಗಳೆಯಲಾರೆವು. ೧೯೫೨ರಲ್ಲಿಯೇ ಆರಂಭವಾದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದ ಮೂಲಕ ಹಿಂದುಸ್ತಾನೀ ಮತ್ತು ಕರ್ನಾಟಕ ಸಂಗೀತದ ಹಿರಿಯ ವಿದ್ವಾಂಸರ ಗಾಯನ ವಾದನಗಳು ದೇಶದ ಮೂಲೆಮೂಲೆಗೂ ತಲುಪಿದವು.

ಎರಡನೆಯ ಭಾಗದ ಪರಿಣಾಮ ಬೇರೆಯಾಯಿತು. ಚಿತ್ರಗೀತೆಗಳ ಪ್ರಸಾರದ ಪ್ರಮಾಣವನ್ನು ಇಳಿಸಲಾಯಿತು. ಇದರೊಡನೆ, ಹಾಡಿನ ಜತೆಗೆ ಚಿತ್ರದ ಹೆಸರನ್ನು ಹೇಳುವುದು ಜಾಹೀರಾತಿಗೆ ಸಮಾನವೆಂದು ಬಗೆದು, ಗಾಯಕರ ಹೆಸರನ್ನು ಮಾತ್ರ ಹೇಳತಕ್ಕದ್ದೆಂಬ ನಿಯಮ ಬಂದಿತು. ಚಿತ್ರನಿರ್ಮಾಪಕರು ಕೆರಳಿ ತಮ್ಮ ಹಾಡುಗಳ ಪ್ರಸಾರಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡರು. ಕೆಲವೇ ತಿಂಗಳಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಹೆಚ್ಚುಕಡಿಮೆ ಮರೆಯಾದವು.

ಇದರಲ್ಲಿ ಒಂದು ವೈಚಿತ್ರ್ಯವಿದೆ. ಮೂರು ವರ್ಷಗಳ ಹಿಂದೆ ಮುದ್ರಿಕೆಯ ಕಂಪನಿಯು ಪಾತ್ರದ ಹೆಸರನ್ನಿಟ್ಟು ಗಾಯಕಿಯ ಹೆಸರನ್ನು ಮರೆಸಿತ್ತು. ಈಗ ಆಕಾಶವಾಣಿಯು ಚಿತ್ರದ ಹೆಸರನ್ನು ಬಿಟ್ಟು ಗಾಯಕಿಯ ಹೆಸರನ್ನು ಉಳಿಸಿತು. ಚಿತ್ರಗೀತೆಯನ್ನು ಮೆಚ್ಚದ ಮಂತ್ರಿಗಳ ನಿಯಮವೇ ಚಿತ್ರಗಾಯಕಿಯನ್ನು ಸ್ವತಂತ್ರ ಕಲಾವಿದೆಯೆಂದು ಒಪ್ಪಿಕೊಂಡಂತಾಯಿತು. ಉದ್ದೇಶ ಇದಾಗಿರಲಿಲ್ಲ, ಫಲ ಮಾತ್ರ ಹೀಗಾಯಿತು. ಆದರೆ ಹಾಡೇ ಪ್ರಸಾರವಾಗದಿರುವಾಗ ಹೆಸರು ಹೇಳುವ ನಿಯಮದಿಂದ ಬಂದ ಲಾಭವೇನು?

ಶ್ರೋತೃಗಳು ತಮ್ಮ ದಾರಿಯನ್ನು ತಾವೇ ಕಂಡುಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿತ್ರಪಕ್ಷದ ಸೈನಿಕರಿಗಾಗಿ ಸಿಲೋನಿನಲ್ಲಿ ಸ್ಥಾಪಿಸಿದ್ದ ಪ್ರಬಲ ಪ್ರಸಾರಯಂತ್ರಗಳು ಯುದ್ಧಾನಂತರ ಆ ದೇಶದ ಕೈಗೆ ಬಂದಿದ್ದವು. ಅಲ್ಲಿಂದ ಹೊರಡುತ್ತಿದ್ದ ಹಿಂದೀ ವಾಣಿಜ್ಯ ಪ್ರಸಾರವು ಕಿರುತರಂಗಗಳಲ್ಲಿ ಭಾರತದ ಉದ್ದಗಲಕ್ಕೂ ಕೇಳಿಸುತ್ತಿತ್ತು. ೧೯೫೨ರ ಡಿಸೆಂಬರಿನಲ್ಲಿ ಅಮೀನ್ ಸಯಾನಿಯವರು ‘ಬಿನಾಕಾ ಗೀತಮಾಲಾ’ವನ್ನು ಆರಂಭಿಸಿದರು. ಮೊದಲ ಕಾರ್ಯಕ್ರಮಕ್ಕೇ ಒಂಬತ್ತು ಸಾವಿರ ಪತ್ರಗಳು ಬಂದವೆಂದು ಸಯಾನಿಯವರು ಮುಂದೆ ಜ್ಞಾಪಿಸಿಕೊಂಡಿದ್ದಾರೆ. ೧೯೫೩ರ ವಾರ್ಷಿಕ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆದದ್ದು ‘ಅನಾರ್ಕಲಿ’ ಚಿತ್ರಕ್ಕಾಗಿ ಸಿ. ರಾಮಚಂದ್ರರ ಸಂಗೀತದಲ್ಲಿ ಲತಾ ಅವರು ಹಾಡಿದ ಗೀತೆ. ಹೀಗೆ ಭಾರತದ ಗಾಯಕಿಯೊಬ್ಬರ ಕೀರ್ತಿ ಭಾರತದಲ್ಲಿಯೇ ಹಬ್ಬುವುದಕ್ಕೆ ಕೆಲವು ವರ್ಷಗಳ ಕಾಲ ನೆರೆಯ ದ್ವೀಪದ ಬಾನುಲಿ ಆಧಾರವಾಯಿತು.

ಇದಕ್ಕೆ ಉತ್ತರವಾಗಿ ಆಕಾಶವಾಣಿಯು ೧೯೫೭ರ ಅಕ್ಟೋಬರಿನಲ್ಲಿ ‘ವಿವಿಧ ಭಾರತಿ’ಯನ್ನು ತೆರೆಯಿತು. ಚಿತ್ರಗೀತೆ ಮರಳಿ ಬಂದಿತು. ಅದರೊಡನೆ ಪತ್ರಗಳ ಸಂಸ್ಕೃತಿಯೂ ಬಂದಿತು. ಇಂದು ಝಾರ್ಖಂಡ ರಾಜ್ಯಕ್ಕೆ ಸೇರಿರುವ ಝುಮರೀ ತಿಲೈಯಾ ಎಂಬ ಸಣ್ಣ ಊರು ದೇಶಕ್ಕೆಲ್ಲ ಪರಿಚಿತವಾದುದು ಅಲ್ಲಿಯ ಜನ ಮೆಚ್ಚಿನ ಹಾಡು ಕೋರಿ ಬರೆಯುತ್ತಿದ್ದ ಕಾರ್ಡುಗಳಿಂದಲೇ. ಜನ್ಮದಿನದ ವಿಶೇಷ ಪ್ರಸಾರಗಳು ಈ ಪತ್ರಸಂಸ್ಕೃತಿಯಿಂದಲೇ ಬಲಪಡೆದುವೆಂದು ನಾವು ಊಹಿಸುತ್ತೇವೆ. ಗಾಯಕಿಯ ಹೆಸರನ್ನು ಕೇಳಿ ಬರೆದವರು, ಹಾಡನ್ನು ಕೋರಿ ಬರೆದವರು, ಜನ್ಮದಿನಕ್ಕೆ ಶುಭಾಶಯ ತಿಳಿಸಿ ಬರೆದವರು ಒಂದೇ ಜನವರ್ಗಕ್ಕೆ ಸೇರಿದವರು.

೫

ಗೌರವದ ಪ್ರಸಾರಗಳಿಗೆ ಒಂದು ದೋಷವೂ ಅಂಟಿಕೊಂಡಿದೆ. ಅದು ಉತ್ಪ್ರೇಕ್ಷೆ. ಇತಿಹಾಸದ ವಿದ್ಯಾರ್ಥಿಗಳು ಇದನ್ನು ಅವಶ್ಯವಾಗಿ ಗಮನಿಸಬೇಕು.

೧೯೭೪ರಲ್ಲಿ ಗಿನ್ನೆಸ್ ದಾಖಲೆಗಳ ಗ್ರಂಥವು ಜಗತ್ತಿನಲ್ಲಿ ಅತ್ಯಂತ ಹೆಚ್ಚು ಹಾಡುಗಳನ್ನು ಧ್ವನಿಮುದ್ರಿಸಿದವರು ಲತಾ ಮಂಗೇಶಕರರೆಂದು ಪ್ರಕಟಿಸಿತು. ೧೯೪೮ರಿಂದ ೧೯೭೪ರವರೆಗೆ ಅವರು ಕನಿಷ್ಠ ೨೫,೦೦೦ ಹಾಡುಗಳನ್ನು ಹಾಡಿದ್ದಾರೆಂಬುದು ಅದರ ಲೆಕ್ಕ. ಮಹಮ್ಮದ್ ರಫಿಯವರು ಇದನ್ನು ಒಪ್ಪದೆ ಆಕ್ಷೇಪಿಸಿದರು. ಆದರೂ ಆ ಸಂಖ್ಯೆ ಪತ್ರಿಕೆಗಳಲ್ಲಿಯೂ ಅಭಿನಂದನೆಯ ಮಾತುಗಳಲ್ಲಿಯೂ ನೆಲೆನಿಂತಿತು. ವರ್ಷ ಕಳೆದಂತೆ ಮೂವತ್ತು ಸಾವಿರಕ್ಕೆ, ಅದರಾಚೆಗೆ ಬೆಳೆಯಿತು.

ಸಾಧಾರಣ ಗಣಿತದಿಂದಲೇ ಇದನ್ನು ಪರೀಕ್ಷಿಸಬಹುದು. ಇಪ್ಪತ್ತಾರು ವರ್ಷಗಳಲ್ಲಿ ೨೫,೦೦೦ ಹಾಡುಗಳೆಂದರೆ ವರ್ಷಕ್ಕೆ ಸುಮಾರು ೯೫೦. ಒಂದು ದಿನವೂ ಬಿಡುವಿಲ್ಲದೆ ದಿನಕ್ಕೆ ಎರಡೂವರೆಗೂ ಮಿಕ್ಕಿ. ಆ ಕಾಲದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಹಿಂದೀ ಚಿತ್ರಗಳು ಹೆಚ್ಚುಕಡಿಮೆ ನೂರು, ನೂರಿಪ್ಪತ್ತು. ಒಂದೊಂದರಲ್ಲಿ ಎಂಟು ಹಾಡುಗಳೆಂದರೂ ಒಟ್ಟು ಮೊತ್ತ ಎಂಟುನೂರರಿಂದ ಸಾವಿರದೊಳಗೆ ನಿಲ್ಲುತ್ತದೆ. ಅಂದರೆ, ಗಂಡುದನಿಯ ಹಾಡುಗಳನ್ನೂ ಸೇರಿಸಿ ಹಿಂದೀ ಚಿತ್ರಗಳ ಹಾಡುಗಳೆಲ್ಲವನ್ನೂ ಒಬ್ಬರೇ ಹಾಡಿದ್ದರೆ ಮಾತ್ರ ಆ ಸಂಖ್ಯೆ ಸಿದ್ಧಿಸುತ್ತಿತ್ತು.

ನಿಜವಾದ ಲೆಕ್ಕವನ್ನು ಹಾಕಿದವರು ಸಂಸ್ಥೆಗಳಲ್ಲ, ಶ್ರೋತೃಗಳು. ಕಾನಪುರದ ಹರಮಂದಿರ ಸಿಂಗ್ ‘ಹಮರಾಜ್’ ಅವರು ಮುದ್ರಿಕೆಗಳನ್ನೂ ಹಾಡಿನ ಪುಸ್ತಿಕೆಗಳನ್ನೂ ಕೂಡಿಹಾಕಿ, ಪ್ರತಿಯೊಂದು ಚಿತ್ರದ ಪ್ರತಿಯೊಂದು ಹಾಡನ್ನೂ ಪಟ್ಟಿ ಮಾಡಿ, ‘ಹಿಂದೀ ಫಿಲ್ಮ್ ಗೀತ್ ಕೋಶ್’ ಎಂಬ ಸಂಪುಟಗಳನ್ನು ೧೯೮೦ರಿಂದ ಮುಂದೆ ಪ್ರಕಟಿಸಿದರು. ಇಂಥ ಪಟ್ಟಿಗಳ ಆಧಾರದಿಂದ ಎಣಿಸಿದಾಗ ಲತಾ ಅವರು ಹಿಂದೀ ಚಿತ್ರಗಳಿಗಾಗಿ ಹಾಡಿದ ಹಾಡುಗಳು ಐದು ಸಾವಿರದ ಆಸುಪಾಸಿನಲ್ಲಿವೆಯೆಂದು ಕಂಡುಬಂದಿತು. ಇತರ ಭಾಷೆಗಳವನ್ನೂ ಚಿತ್ರೇತರ ಗೀತೆಗಳನ್ನೂ ಕೂಡಿಸಿದರೂ ಹಿಂದಿನ ಸಂಖ್ಯೆಯ ಹತ್ತಿರಕ್ಕೆ ಬರುವುದಿಲ್ಲ. ೧೯೯೧ರಲ್ಲಿ ಗಿನ್ನೆಸ್ ಗ್ರಂಥವು ಆ ನಮೂದನ್ನು ಕೈಬಿಟ್ಟಿತು.

ಐದು ಸಾವಿರ ಎಂಬ ಸಂಖ್ಯೆಯಿಂದ ಗಾಯಕಿಯ ಹಿರಿಮೆಗೆ ಕುಂದಿಲ್ಲ. ನಿಜವಾದ ಐದು ಸಾವಿರವು ಕಲ್ಪಿತವಾದ ಮೂವತ್ತು ಸಾವಿರಕ್ಕಿಂತ ಹಿರಿದು. ಏಕೆಂದರೆ ಅದರ ಒಂದೊಂದು ಹಾಡನ್ನೂ ಹೆಸರಿಸಬಹುದು, ಹುಡುಕಬಹುದು, ಕೇಳಬಹುದು. ಜನ್ಮದಿನದಂದು ದೊಡ್ಡ ಸಂಖ್ಯೆಯನ್ನು ಹೇಳುವುದು ಸುಲಭ. ವರ್ಷಗಟ್ಟಲೆ ಕುಳಿತು ಸರಿಯಾದ ಸಂಖ್ಯೆಯನ್ನು ಎಣಿಸುವುದು ಭಕ್ತಿಯ ಕೆಲಸ.

೬

ಹೆಸರು ದೊರೆತೊಡನೆ ಹಕ್ಕು ದೊರೆಯಿತೆಂದು ತಿಳಿಯಬಾರದು. ೧೯೫೭ರ ಫಿಲ್ಮ್‌ಫೇರ್ ಸಮಾರಂಭದಲ್ಲಿ ಸಂಗೀತ ನಿರ್ದೇಶನದ ಬಹುಮಾನ ಶಂಕರ-ಜೈಕಿಷನ್ನರಿಗೆ ‘ಚೋರಿ ಚೋರಿ’ ಚಿತ್ರಕ್ಕಾಗಿ ಬಂದಿತು. ಆ ಚಿತ್ರದ ತಮ್ಮ ಹಾಡನ್ನು ವೇದಿಕೆಯಲ್ಲಿ ಹಾಡಬೇಕೆಂದು ಕೇಳಿದಾಗ ಲತಾ ಅವರು ಒಪ್ಪಲಿಲ್ಲ. ಗಾಯಕರಿಗೆ ಬಹುಮಾನವೇ ಇಲ್ಲದಿರುವಲ್ಲಿ ಗಾಯಕರು ಏಕೆ ಹಾಡಬೇಕೆಂಬುದು ಅವರ ಪ್ರಶ್ನೆ. ೧೯೫೯ರಲ್ಲಿ ಹಿನ್ನೆಲೆ ಗಾಯನಕ್ಕೆ ಪ್ರತ್ಯೇಕ ಬಹುಮಾನ ಏರ್ಪಟ್ಟಿತು. ಮೊದಲು ಪಡೆದವರು ಅವರೇ, ‘ಮಧುಮತಿ’ ಚಿತ್ರದ ಹಾಡಿಗಾಗಿ.

ಗೌರವಧನದ ಪ್ರಶ್ನೆ ಇದಕ್ಕಿಂತ ಜಟಿಲವಾದುದು. ಮುದ್ರಿಕೆಗಳ ಮಾರಾಟದಿಂದ ಬರುವ ಆದಾಯದಲ್ಲಿ ಗಾಯಕರಿಗೂ ಪಾಲು ಸಲ್ಲಬೇಕೆಂದು ಅವರು ೧೯೬೦ರ ದಶಕದ ಆರಂಭದಲ್ಲಿ ವಾದಿಸಿದರು. ಹಾಡಿದ್ದಕ್ಕೆ ಸಂಭಾವನೆ ಪಡೆದ ಮೇಲೆ ಲೆಕ್ಕ ಮುಗಿಯಿತೆಂದು ರಫಿಯವರ ಅಭಿಪ್ರಾಯ. ಈ ಭಿನ್ನಾಭಿಪ್ರಾಯದಿಂದ ಇಬ್ಬರೂ ಕೆಲವು ವರ್ಷ ಜತೆಗೂಡಿ ಹಾಡಲಿಲ್ಲ. ರಫಿಯವರ ನಿಲುವಿನಲ್ಲಿ ಔದಾರ್ಯವಿತ್ತೆಂಬುದನ್ನು ನಾವು ಮನ್ನಿಸುತ್ತೇವೆ. ಆದರೆ ಮುಪ್ಪಿನಲ್ಲಿ ಕೆಲಸವಿಲ್ಲದೆ ಕುಳಿತ ಗಾಯಕರ ಪಾಡನ್ನು ನೆನೆದರೆ ಲತಾ ಅವರ ವಾದವೇ ನ್ಯಾಯವೆಂದು ತೋರುತ್ತದೆ.

ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಗೀತ ರಚಿಸಿದವರಿಗೂ ಸ್ವರ ಸಂಯೋಜಿಸಿದವರಿಗೂ ಸ್ಥಾನವಿತ್ತು. ಹಾಡುವವರಿಗೆ ಹಾಡಿದುದರ ಮೇಲೆ ಹಕ್ಕೆಂಬುದು ಇರಲಿಲ್ಲ. ೧೯೯೪ರ ತಿದ್ದುಪಡಿಯಿಂದ ಪ್ರದರ್ಶಕರ ಹಕ್ಕು ಮೊದಲ ಬಾರಿಗೆ ಕಾನೂನಿನಲ್ಲಿ ಪ್ರವೇಶಿಸಿತು; ೨೦೧೨ರ ತಿದ್ದುಪಡಿಯಿಂದ ಅವರಿಗೆ ಗೌರವಧನದ ಹಕ್ಕು ಸ್ಪಷ್ಟವಾಗಿ ದೊರೆಯಿತು. ಇದರ ತಾತ್ಪರ್ಯವೇನು? ಲತಾ ಅವರ ಐವತ್ತನೆಯ, ಅರವತ್ತನೆಯ ವರ್ಧಂತಿಗಳ ಕಾಲದಲ್ಲಿ ಯಾವ ಕೇಂದ್ರವಾದರೂ ದಿನವೆಲ್ಲ ಅವರ ಹಾಡುಗಳನ್ನು ಪ್ರಸಾರ ಮಾಡಿದ್ದರೆ, ಆ ಪ್ರಸಾರಕ್ಕಾಗಿ ಹಾಡಿದವರಿಗೆ ಇಂತಿಷ್ಟು ಸಲ್ಲಬೇಕೆಂದು ಕಾನೂನು ಹೇಳುತ್ತಿರಲಿಲ್ಲ. ಕೀರ್ತಿವಂತರಾದ ಲತಾ ಅವರಿಗೆ ಇದರಿಂದ ಕೊರತೆಯಾಗದಿದ್ದಿರಬಹುದು. ಹೆಸರಿಲ್ಲದೆ ಹೋದವರಿಗೆ ಆಯಿತು.

೭

ಲತಾ ಮಂಗೇಶಕರ ಅವರು ೨೦೨೨ರ ಫೆಬ್ರವರಿ ೬ರಂದು ಮುಂಬಯಿಯಲ್ಲಿ ತೀರಿಕೊಂಡರು. ಅಲ್ಲಿಂದ ಮುಂದೆ ಅವರ ವರ್ಧಂತಿಯು ಜಯಂತಿಯಾಗಿದೆ. ೨೦೨೯ರಲ್ಲಿ ಜನ್ಮಶತಾಬ್ದಿ ಬರಲಿದೆ. ಆ ವರ್ಷ ಬಾನುಲಿ ಕೇಂದ್ರಗಳು ಅವರನ್ನು ಯಾವ ರೀತಿ ಸ್ಮರಿಸಬೇಕೆಂಬುದನ್ನು ಈಗಲೇ ಆಲೋಚಿಸುವುದು ಉಚಿತ.

ಮೇಲೆ ನಿರೂಪಿಸಿದ ಚರಿತ್ರೆಯಿಂದ ನಮಗೆ ಒಂದು ಸೂಚನೆ ದೊರೆಯುತ್ತದೆ. ಹಾಡಿದವರು ಯಾರೆಂದು ೧೯೪೯ರಲ್ಲಿ ಶ್ರೋತೃಗಳು ಕೇಳಿದರು. ಅದೇ ಪ್ರಶ್ನೆಯನ್ನು ಮುಂದುವರಿಸಿ, ನುಡಿಸಿದವರು ಯಾರು, ವಾದ್ಯವೃಂದವನ್ನು ಅಣಿಗೊಳಿಸಿದವರು ಯಾರು ಎಂದು ನಾವು ಕೇಳಬೇಕು. ಮುಂಬಯಿಯ ಸ್ಟುಡಿಯೋಗಳಲ್ಲಿ ಪಿಟೀಲು, ಪಿಯಾನೋ, ಕಹಳೆಗಳನ್ನು ನುಡಿಸಿದವರಲ್ಲಿ ಅನೇಕರು ಗೋವೆಯಿಂದ ಬಂದ ವಾದಕರು. ಶಂಕರ-ಜೈಕಿಷನ್ನರ ಹಾಡುಗಳ ವಾದ್ಯಸಂಯೋಜನೆ ಮಾಡುತ್ತಿದ್ದ ಸೆಬಾಸ್ಟಿಯನ್ ಡಿಸೋಜರಂಥವರ ಹೆಸರು ಸಂಗೀತಪ್ರಿಯರಲ್ಲಿಯೂ ಕೆಲವರಿಗೆ ಮಾತ್ರ ಗೊತ್ತು. ‘ಕಾಮಿನಿ’ಯ ಹಿಂದೆ ಲತಾ ಇದ್ದಂತೆ ಲತಾ ಅವರ ಧ್ವನಿಯ ಹಿಂದೆ ಇವರಿದ್ದರು.

ಕನ್ನಡ ನಾಡಿನ ಕೇಂದ್ರಗಳಿಗೂ ಇದು ಅನ್ವಯಿಸುತ್ತದೆ. ‘ಆಕಾಶವಾಣಿ’ ಎಂಬ ಹೆಸರನ್ನೇ ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಖಾಸಗಿ ಕೇಂದ್ರದ ಮೂಲಕ ಬಳಕೆಗೆ ತಂದ ನಾಡು ಇದು. ಲತಾ ಅವರ ಧ್ವನಿ ಕನ್ನಡದಲ್ಲಿ ಕೇಳಿಬಂದದ್ದು ೧೯೬೭ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರದಲ್ಲಿ. ಅದರ ಸಂಗೀತ ನಿರ್ದೇಶಕರು ಲಕ್ಷ್ಮಣ ಬೆರ್ಲೇಕರ್. ಶತಾಬ್ದಿಯ ದಿನ ನಮ್ಮ ಕೇಂದ್ರಗಳು ಆ ಹಾಡನ್ನು ಕೇಳಿಸುವಾಗ ಈ ಎರಡನೆಯ ಹೆಸರನ್ನೂ ತಪ್ಪದೆ ಹೇಳಲಿ ಎಂಬುದು ನಮ್ಮ ಅಪೇಕ್ಷೆ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಧಾರವಾಡದ ಕೇಂದ್ರ ೧೯೫೦ರಲ್ಲಿ ಪ್ರಾರಂಭವಾಯಿತು. ಅದನ್ನೂ, ರಾತ್ರಿಯ ಹೊತ್ತು ಮುಳ್ಳು ತಿರುಗಿಸಿ ಸಿಲೋನನ್ನೂ ಕೇಳುತ್ತ ಬೆಳೆದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಏನನ್ನು ಕೇಳಿದರು, ಯಾರ ಮನೆಯಲ್ಲಿ ಕೇಳಿದರು, ಯಾವ ಹಾಡಿಗಾಗಿ ಕಾರ್ಡು ಬರೆದರು ಎಂಬುದನ್ನು ಯಾವ ಕಡತವೂ ಹೇಳಲಾರದು. ಅವರ ನೆನಪುಗಳನ್ನು ದಿನಾಂಕ, ಊರು, ಹೆಸರು ಸಹಿತ ಬರೆದಿಟ್ಟರೆ ಕನ್ನಡ ನಾಡಿನ ಶ್ರವಣದ ಇತಿಹಾಸಕ್ಕೆ ಮೊದಲ ಸಾಮಗ್ರಿ ಒದಗುತ್ತದೆ. ಈ ಕೆಲಸಕ್ಕೆ ಶತಾಬ್ದಿಯನ್ನು ಕಾಯಬೇಕಾಗಿಲ್ಲ. ಕಾಯುವಷ್ಟು ಕಾಲಾವಕಾಶವೂ ನಮಗಿಲ್ಲ.